ಖಾಲಿ ತಟ್ಟೆಗಾಗಿ ಕಾದ ವೇದವತಿ ಮೇಡಂ

ಸಂಜೆ ಕಾಲೇಜಿನಲ್ಲಿ ಪದವಿ ಪಡೆದು, ಪ್ರಯೋಗಾಲಯದ ಶೀತಕೋಣೆ ನೋಡಿಕೊಳ್ಳುವ ನಾನು ಡಾ. ವೇದವತಿಯವರ ಬಗ್ಗೆ ಬರೆಯಹೊರಟದ್ದು ಅತಿಯಾಯಿತೇನೋ ಎಂಬ ಅಳುಕಿದೆ. ವಿಜ್ಞಾನದಲ್ಲಿ ತಪ್ಪಿದ್ದರೆ ಅದು ನನ್ನದು, ಓದುಗರು ಕ್ಷಮಿಸಬೇಕು. ಹಿಮನದಿಗಳ ಪ್ರಾಚೀನ ಮಂಜುಗಡ್ಡೆಯಲ್ಲಿ ಉಳಿದಿರುವ ಸೂಕ್ಷ್ಮಜೀವಿಗಳನ್ನು ಹುಡುಕುವವರು ವಿರಳ. ಆ ವಿರಳರಲ್ಲಿ ಮೇಡಂ ಹಿರಿಯರು.

ಕಾಸರಗೋಡಿನಿಂದ ತಿರುವನಂತಪುರಕ್ಕೆ ಓದಲು ಬಂದವರು ಇಲ್ಲೇ ಸೇವೆಗೆ ಸೇರಿದರು. ಉತ್ತರ ಧ್ರುವದ ಕಡೆಯ ಮಂಜುಗಡ್ಡೆ ಹಡಗಿನಲ್ಲಿ ಕೊಚ್ಚಿಗೆ ಬಂದಾಗ, ಶೀತ ಕಂಟೇನರಿನ ವಿದ್ಯುತ್ತನ್ನು ಯಾರೂ ಕಡಿಯದಂತೆ ಅಲ್ಲಿನ ವಿಲ್ಲಿಂಗ್ಡನ್ ಐಲ್ಯಾಂಡ್ ಬಂದರುಕಟ್ಟೆಯಲ್ಲಿ ತಾವೇ ಕಾವಲು ಕೂತರು. “ಮೀನಿನ ಐಸ್ ಇಲ್ಲೇ ಬೇಕಾದಷ್ಟಿದೆಯಲ್ಲಾ ಟೀಚರ್!” ಎಂದು ಬಂದರಿನವರು ನಕ್ಕರು. ಮೇಡಂ ತಾವೂ ನಕ್ಕರು, ಜಾಗ ಬಿಟ್ಟು ಏಳಲಿಲ್ಲ.

ಅದೇ ಮಂಜುಗಡ್ಡೆಯ ಮೇಲೆ ಮೇಡಂ ಅವರ ಶಿಷ್ಯೆ ಜೀವಿತಾಳ ಪಿಎಚ್‌ಡಿ ಸಂಶೋಧನಾ ಪ್ರಬಂಧ ನಿಂತಿತ್ತು. ಗಡ್ಡೆಯ ಹೊರಮೈ ಕೆತ್ತಿ ತೆಗೆದು, ಒಳತಿರುಳನ್ನಷ್ಟೇ ಕರಗಿಸಿ, ಸೂಕ್ಷ್ಮಜೀವಿ ಬೆಳೆಸುವ ಮುಚ್ಚಳದ ತಟ್ಟೆಗೆ ಹಾಕಬೇಕು. ಜೊತೆಗೆ ಶುದ್ಧ ನೀರಿನ ಗಡ್ಡೆಯೊಂದನ್ನು ಅದೇ ಗರಗಸದಿಂದ ಕೊಯ್ಯಬೇಕು. ಅದರ ತಟ್ಟೆ ಖಾಲಿಯಾಗಿಯೇ ಉಳಿಯಬೇಕು. ಅದರಲ್ಲಿ ಏನಾದರೂ ಬೆಳೆದರೆ ಅದು ನಮ್ಮ ಕೈಯಿಂದ ಬಂದದ್ದು.

ಮಂಜಿನ ತಟ್ಟೆಯಲ್ಲಿ ಕೆಂಪು ಚುಕ್ಕೆಗಳು ಕಂಡ ದಿನ ಜೀವಿತಾ ಕುಣಿದಾಡಿದಳು. ಮರುಕ್ಷಣವೇ ಕುಣಿತ ನಿಂತಿತು: ಖಾಲಿ ಇರಬೇಕಾದ ತಟ್ಟೆಯಲ್ಲಿ ಬಿಳಿ ಚುಕ್ಕೆಗಳಿದ್ದವು. ಗಡ್ಡೆ ಕೊಯ್ಯುವ ದಿನ ಹುಳಿಹಿಟ್ಟು ಮುಟ್ಟಬಾರದೆಂಬುದು ಮೇಡಂ ಮಾಡಿದ್ದ ನಿಯಮ. ಊರಿನ ಅಭ್ಯಾಸದಂತೆ ಅವಳು ಅಂದು ಬೆಳಿಗ್ಗೆ ದೋಸೆಹಿಟ್ಟನ್ನು ಕೈಯಿಂದಲೇ ಕಲಸಿಟ್ಟು ಬಂದಿದ್ದಳು.

“ಎಲ್ಲ ಹೋಯ್ತು ಮೇಡಂ.”

“ಎಂತ ಹೋದ್ದು? ಆ ಹಿಟ್ಟು ಸ್ವಲ್ಪ ತಗೊಂಡು ಬಾ. ಚಟ್ನಿ ಬೇಡ.”

ಹಿಟ್ಟು ಸವರಿದ ತಟ್ಟೆಯಲ್ಲೂ ಅದೇ ಬಿಳಿ ಜೀವಿ ಬೆಳೆಯಿತು. ಆದರೆ ಕೈಯ ಕೊಳೆ ಒಮ್ಮೆ ಒಳಗೆ ಹೋದದ್ದು ಖಚಿತವಾದ ಮೇಲೆ, ಕೆಂಪು ಚುಕ್ಕೆಯ ಮಾತನ್ನು ಯಾರು ನಂಬುತ್ತಾರೆ? ಮತ್ತೆ ಕೊಯ್ಯಲು ಉಳಿದಿದ್ದದ್ದು ಒಂದೇ ತುಂಡು. ನಿವೃತ್ತಿಗೆ ಮೊದಲು ಮುಗಿಸಬೇಕೆಂದು ಮೇಡಂ ತಮ್ಮ ಕೆಲಸಕ್ಕೆ ಎತ್ತಿಟ್ಟದ್ದು. ಅದನ್ನೇ ತಂದು ಜೀವಿತಾಳ ಮುಂದಿಟ್ಟರು.

“ನಿಮ್ಮದು, ಮೇಡಂ?”

“ನನ್ನದು ಇದ್ದದ್ದರಲ್ಲಿ ಆಗ್ತದೆ. ನೀನು ಕೊಯ್ಯಿ.”

ತಟ್ಟೆಗಳನ್ನು ತೆರೆಯುವವರೆಗೆ ಜೀವಿತಾಳಿಗೆ ಅನ್ನ ಸೇರಲಿಲ್ಲ. ತೆರೆದಾಗ ನೀರಿನ ತಟ್ಟೆ ಖಾಲಿ. ಮಂಜಿನ ತಟ್ಟೆಯಲ್ಲಿ ಮತ್ತೆ ಅದೇ ಕೆಂಪು. ಅವಳು ನೆಲದ ಮೇಲೆ ಕೂತು ಅತ್ತಳು.

“ಎಂತ ಕೂಗುದು ಮಾರಾಯ್ತಿ? ಹೋಗಿ ಪ್ರಬಂಧ ಬರಿ,” ಎಂದರು ಮೇಡಂ. ಅವರ ಕಣ್ಣೂ ಒದ್ದೆಯಾಗಿತ್ತು.

ಜೀವಿತಾ ಈಗ ಡಾಕ್ಟರ್ ಜೀವಿತಾ. ಮೇಡಂ ಆಯುರಾರೋಗ್ಯದಿಂದ ಬಾಳಲಿ, ಶೀತಕೋಣೆಯ ಬಾಗಿಲು ತಟ್ಟುತ್ತಿರಲಿ, ತೆರೆಯಲು ನಾವಿದ್ದೇವೆ. ಆ ಕೆಂಪು ಜೀವಿ ಅಷ್ಟು ಕಾಲ ಮಂಜಿನೊಳಗೆ ನಿಧಾನವಾಗಿ ಬದುಕುತ್ತಿತ್ತೇ, ಇಲ್ಲ ಸುಮ್ಮನೆ ನಿಂತುಹೋಗಿತ್ತೇ ಎಂದು ಮೊನ್ನೆ ಮೇಡಂ ಅವರನ್ನು ಕೇಳಿದೆ. ತಮಗೂ ಗೊತ್ತಿಲ್ಲ ಎಂದರು. ನಮಗಂತೂ ಗೊತ್ತಿಲ್ಲ.