ಚರ್ಮದ ಚೀಲಕ್ಕೆ ಪಾಲಿಶ್

ರಿಟೈರ್ ಆದ ಮೇಲೆ ನಮ್ಮವರು ಡಚ್ಚರ ಊರು ವೂರ್‌ಬರ್ಗ್‌ನ ಮನೆಯ ಕಿಟಕಿಯ ಬಳಿ ಕೂತು ಟ್ರಾಮ್ ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. ಜೂಟರ್‌ಮೀರ್‌ನ ಆಫೀಸಿನಲ್ಲಿ ಅಷ್ಟು ವರ್ಷ ದುಡಿದರೂ ಫ್ರೆಂಡ್ ಎನ್ನುವಂಥವರು ಒಬ್ಬರೂ ಇರಲಿಲ್ಲ. ಆಗ ಪಕ್ಕದ ಮನೆಯ ಡಚ್ ಮುದುಕ ಅವರನ್ನು ತನ್ನ ಗ್ರೂಪಿಗೆ ಕರೆದ. ಬೇಸಿಗೆಯ ವೀಕೆಂಡುಗಳಲ್ಲಿ ವಾಗೆನಿಂಗನ್ ಹತ್ತಿರದ ಹುಲ್ಲುಗಾವಲಿನಲ್ಲಿ ಟೆಂಟ್ ಹಾಕಿ, ನೂರಾರು ವರ್ಷ ಹಿಂದಿನವರಂತೆ ಉಟ್ಟು, ಉಂಡು, ಬದುಕಿ ತೋರಿಸುವ ಗ್ರೂಪ್. ಬಟ್ಟೆ, ಟೋಪಿ ಅವರೇ ಕೊಡುತ್ತಾರೆ. ಬೇಟೆಗಾರರ ಜೊತೆ ನಿಲ್ಲುವವನು ಚರ್ಮದ ಚೀಲವನ್ನು ಮಾತ್ರ ತಾನೇ ತರಬೇಕು. ಅದು ಆ ಕಾಲದ್ದರಂತಿದೆ ಎಂದು ಗ್ರೂಪಿನ ಹಿರಿಯಾಕೆ ಒಪ್ಪಬೇಕು. ಒಪ್ಪದಿದ್ದರೆ ಸುತ್ತ ಕಟ್ಟಿದ ಹಗ್ಗದ ಆಚೆ, ನೋಡಲು ಬಂದ ಜನರ ನಡುವೆ ನಿಲ್ಲುವುದಷ್ಟೇ.

ನಮ್ಮವರಿಗೆ ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಚೀಲ ಹೊಲಿಯುವವನ ಅಂಗಡಿಗೆ ನಾನೂ ಹೋದೆ. ಇವರು ಆರಿಸಿದ್ದು ಹಿತ್ತಾಳೆ ಬಕಲ್ಲು, ಕುಚ್ಚುಗಳ ದೊಡ್ಡ ಚೀಲ. ಪಟ್ಟಿಯನ್ನು ಉದ್ದ ಬಿಟ್ಟು ತೊಡೆಯವರೆಗೆ ಇಳಿಸಿಕೊಂಡು ಕನ್ನಡಿಯ ಮುಂದೆ ನಿಂತರು.

"ಬಸ್ ಕಂಡಕ್ಟರ್ ಆದ್ರಲ್ಲ ಮಾರಾಯ್ರೆ."

"ನಿಂಗೆಂತ ಗೊತ್ತುಂಟು ಶಿಕಾರಿ? ಕಾನ್ವೆಂಟಲ್ಲಿ ಸಿಸ್ಟರ್‌ಗಳು ಕಲಿಸಿದ್ದಾ?"

"ಅವ್ರು ಕಲಿಸಿದ್ದು ಎಂಬ್ರಾಯ್ಡರಿ. ಶಿಕಾರಿ ನೋಡಿದ್ದು ನಮ್ಮಪ್ಪನ ಹತ್ರ."

ಅಪ್ಪ ಹಂದಿ ಬೇಟೆಗೆ ಹೋಗುವವರು. ಅವರ ಚೀಲ ಚರ್ಮದ್ದು, ಒಳಗೆ ತರುವಂತಿರಲಿಲ್ಲ. ಹೊರಗಿನ ಚಾವಡಿಯ ಮೊಳೆಯಲ್ಲಿ ನೇತಾಡುತ್ತಿತ್ತು. ಬೋರ್ಡಿಂಗಿನಿಂದ ರಜೆಗೆ ಬಂದ ಕೂಡಲೇ ನಾನು ಅದಕ್ಕೆ ಕೈ ಹಾಕುತ್ತಿದ್ದೆ. ಕೋವಿಮದ್ದಿನ ವಾಸನೆ, ವೀಳ್ಯದೆಲೆಯ ವಾಸನೆ. ಅಡಿಯಲ್ಲಿ ನನಗೆಂದೇ ಒಂದು ಪೇರಳೆ. ಓಡುವಾಗ ತೊಡೆಗೆ ಬಡಿಯಬಾರದೆಂದು ಅಪ್ಪ ಪಟ್ಟಿಯನ್ನು ಗಿಡ್ಡ ಮಾಡಿ, ಚೀಲವನ್ನು ಎಡ ಪಕ್ಕೆಗೆ ಒತ್ತಿ ಹಾಕುತ್ತಿದ್ದರು. ಒಂದು ಕೈಯಲ್ಲಿ ಕೋವಿ ಇರುತ್ತದಲ್ಲ, ಬಕಲ್ಲು ಬಿಚ್ಚುವುದು ಯಾರು? ಚೀಲದ ಬಾಯಿಗೆ ಒಂದು ಚರ್ಮದ ಗಂಟು, ಅಷ್ಟೇ.

"ಒಮ್ಮೆ ಬಗ್ಗಿ ನೋಡುವ," ಎಂದೆ.

ಬಗ್ಗಿದರು. ಬಕಲ್ಲು ಹಾಕದ ಚೀಲದೊಳಗೆ ಇಟ್ಟುಕೊಂಡಿದ್ದ ಕನ್ನಡಕದ ಡಬ್ಬಿ, ಮೊಬೈಲು ಎರಡೂ ಜಾರಿ ನೆಲಕ್ಕೆ ಬಿದ್ದವು. ಅಂಗಡಿಯವನು ಗೋಡೆಯಿಂದ ಇನ್ನೊಂದನ್ನು ತೆಗೆದ. ಕಂದು ಬಣ್ಣದ್ದು, ಕೈಹೊಲಿಗೆಯದು, ಗಂಟಿನದು. ಪಟ್ಟಿಯನ್ನು ನಾನೇ ಎತ್ತರಿಸಿ ಕಟ್ಟಿದೆ. ಆ ಚರ್ಮದ ಸ್ಮೆಲ್ಲಿಗೆ, ಪೇರಳೆ ಇದ್ದೀತೆಂಬಂತೆ, ನನ್ನ ಕೈ ಚೀಲದ ಅಡಿಯವರೆಗೆ ಹೋಯಿತು.

ಗ್ರೂಪಿಗೆ ಹೋಗುವ ಹಿಂದಿನ ಸಂಜೆ ಬಾಲ್ಕನಿಯಲ್ಲಿ ಪೇಪರ್ ಹಾಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಶೂ ಪಾಲಿಶ್ ಡಬ್ಬಿ. ಚೀಲ ಆಗಲೇ ಮುಖ ಕಾಣುವಷ್ಟು ಹೊಳೆಯುತ್ತಿತ್ತು.

"ಅಯ್ಯೋ, ಹಳೆ ಕಾಲದ್ದರ ಹಾಗೆ ಕಾಣ್ಬೇಕಲ್ಲ?"

"ನಾಲ್ಕು ಜನರ ಎದುರು ಹೋಗುವಾಗ ಡೀಸೆಂಟಾಗಿ ಹೋಗುದು ಬೇಡ್ವಾ?"

ಎಷ್ಟು ಇಂಟರ್‌ವ್ಯೂಗಳ ಹಿಂದಿನ ದಿನ ಅವರು ಹೀಗೆ ಕೂತದ್ದನ್ನು ನೋಡಿದ್ದೇನೆ. ಉಜ್ಜಲು ಇನ್ನೊಂದು ಬಟ್ಟೆ ತಂದುಕೊಟ್ಟೆ.

ಮರುದಿನ ಹಿರಿಯಾಕೆ ಹೊಲಿಗೆ ನೋಡಿದಳು, ಗಂಟು ನೋಡಿದಳು, ತಲೆಯಾಡಿಸಿದಳು. ಆಮೇಲೆ ಮೂಗಿಗೆ ಹಿಡಿದಳು. ಬೆರಳಿಗೆ ಕಂದು ಬಣ್ಣ ಹತ್ತಿತ್ತು.

"ಶೂ ಪಾಲಿಶ್?"

"ಯೆಸ್ ಮೇಡಮ್. ಫಸ್ಟ್ ಡೇ, ನೋ?" ನಮ್ಮವರು ಸ್ಕೂಲಿನ ಹುಡುಗನಂತೆ ನೆಟ್ಟಗೆ ನಿಂತಿದ್ದರು. ನಾನು ನೆಲ ನೋಡಿದೆ.

ಆಕೆ ಬೆರಳು ಒರೆಸಿಕೊಂಡು, ಇಂಗ್ಲಿಷಿನಲ್ಲೇ ಹೇಳಿದಳು: ಆ ಕಾಲದಲ್ಲೂ ದೊಡ್ಡ ಮನೆಗೆ ಹೊಸದಾಗಿ ಸೇರಿದ ಆಳು ಮೊದಲ ದಿನ ಹೀಗೇ ಉಜ್ಜಿ ತಂದಿರುತ್ತಾನೆ. ಹಾಗಾದರೆ ಇವತ್ತು ನೀವು ಆ ಹೊಸ ಆಳು. ಹೊಳಪಿನ ವಿಷಯ ಕೆಸರು ನೋಡಿಕೊಳ್ಳುತ್ತದೆ.

ಹಗ್ಗ ಎತ್ತಿದಳು. ಇವರು ಒಳಗೆ ಹೋದರು. ನನಗೆ ಟಾಟಾ ಮಾಡುವುದಕ್ಕೂ ಅವರಿಗೆ ನೆನಪಾಗಲಿಲ್ಲ.

ಈಗ ಅವರಿಲ್ಲ. ಅವತ್ತಿನ ಸಂಜೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಬೆಂಕಿಯ ಸುತ್ತ ಡಚ್ಚರ ನಡುವೆ ಕೂತು, ಅರ್ಧ ಅರ್ಥವಾದ ಯಾವುದೋ ಜೋಕಿಗೆ ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. ಆ ದೇಶಕ್ಕೆ ಬಂದ ಮೇಲೆ ಮನೆಯ ಹೊರಗೆ ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ.