ಸೆಟ್ಲ್ ಆಗುವುದೆಂದರೆ

ನಮ್ಮ ಮನೆಗೆ ಬರುವ ಅತಿಥಿಗಳಲ್ಲಿ ಒಂದು ಸಮಾನ ಗುಣವಿದೆ: ಕಾಫಿ ಲೋಟ ತುಟಿಗೆ ತಾಗುವ ಮೊದಲೇ, ಇಂಥವರ ಮಗ ಸೆಟ್ಲ್ ಆದನೇ ಎಂದು ಕೇಳಿಬಿಡುತ್ತಾರೆ. ಮಳೆ ಬಂತೇ, ಮಂಡಿನೋವು ಹೇಗಿದೆ ಎಂಬ ಕುಶಲಪ್ರಶ್ನೆಗಳೆಲ್ಲ ಈ ಒಂದು ಆಂಗ್ಲ ಕ್ರಿಯಾಪದದೆದುರು ನನ್ನ ಹಾಗೆಯೇ ನಿವೃತ್ತವಾಗಿವೆ. ಮೇಷ್ಟರಗಿರಿ ಮುಗಿದರೂ ಪದಗಳ ಜಾತಕ ಬಿಡಿಸುವ ಚಟ ಮುಗಿಯದ್ದರಿಂದ ನಿಘಂಟು ತೆರೆದೆ. ಪಾಪ, ಹಳೆಯ ಇಂಗ್ಲಿಷಿನಲ್ಲಿ ಅದು ಆಸನವೆಂಬ ಅರ್ಥದ ಪದದಿಂದ ಹುಟ್ಟಿದ್ದಂತೆ. ಕೂರಿಸುವುದಷ್ಟೇ ಅದರ ಮೂಲ ಮಹತ್ವಾಕಾಂಕ್ಷೆ. ಆಮೇಲೆ ಎದ್ದ ದೂಳು ನೆಲಕ್ಕಿಳಿಯುವುದಕ್ಕೂ, ವ್ಯಾಜ್ಯ ರಾಜಿಯಾಗುವುದಕ್ಕೂ, ವಲಸಿಗರು ನೆಲೆಯೂರುವುದಕ್ಕೂ ಅದನ್ನೇ ದುಡಿಸಿಕೊಂಡರು. ವರನ ಯೋಗ್ಯತೆಯೆಂಬ ಪರಮಪದವಿಗೆ ಅದನ್ನು ಏರಿಸಿದ ಕೀರ್ತಿ ಮಾತ್ರ ನಮ್ಮ ಹೊಸಕೋಟೆ ಸೀಮೆಗೇ ಸಲ್ಲಬೇಕು.

ಇಲ್ಲಿನ ಪ್ರಯೋಗವೈಚಿತ್ರ್ಯ ನೋಡಿ. ದೇವನಹಳ್ಳಿಯ ಕಡೆ ಪಾಳಿಗೊಂದು ಹೊತ್ತಿನಲ್ಲಿ ನಿದ್ದೆ ಮಾಡುತ್ತಾ, ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುತ್ತಾ, ಕೊರಳಿಗೆ ಗುರುತಿನ ಚೀಟಿ ಕಟ್ಟಿಕೊಂಡು ಓಡುವವನು ಸೆಟ್ಲ್ ಆದವನು. ಸೂಲಿಬೆಲೆಯಲ್ಲಿ ಅಜ್ಜ ಕಟ್ಟಿಸಿದ ಮನೆಯಲ್ಲೇ ಇದ್ದು, ಸೀಮೆಹಸುಗಳನ್ನು ಸಾಕಿ, ಹೊತ್ತಿಗೆ ಸರಿಯಾಗಿ ಡೇರಿಗೆ ಹಾಲು ಹಾಕುವ ನನ್ನ ಅಕ್ಕನ ಮಗ ಮಂಜು ಮಾತ್ರ ಇನ್ನೂ ಸೆಟ್ಲ್ ಆಗಿಲ್ಲ! ಇದೇ ಮಾತಿಗೆ ಸಂಬಂಧಗಳು ಒಂದರ ಹಿಂದೊಂದು ಮುರಿದು, ಅಕ್ಕ ಬೇರೆಯವರ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದಳು. ನಗೆಯಾಡುವ ನಾನೂ ಅವಳೆದುರು ಆ ಪದ ಎತ್ತುತ್ತಿರಲಿಲ್ಲ.

ಕಡೆಗೆ ತ್ಯಾಮಗೊಂಡ್ಲಿನವರು ಮಗಳನ್ನೂ ಕರೆದುಕೊಂಡು ಮನೆ ನೋಡಲು ಬರುತ್ತೇವೆಂದರು. ಹೆಣ್ಣಿನ ಹೆಸರು ಕಾವ್ಯ. ನೆಲಮಂಗಲದ ಗೋದಾಮೊಂದರ ಕಚೇರಿಯಲ್ಲಿ ಕೆಲಸ. ಹೊತ್ತು ಗೊತ್ತುಮಾಡುವ ಘನಕಾರ್ಯ ಪಂಡಿತನಾದ ನನ್ನ ಪಾಲಿಗೆ ಬಂತು. ಭಾನುವಾರದ ರಾಹುಕಾಲ ಕಳೆಯಲೆಂದು ಪಂಚಾಂಗ ತಿರುವಿ, ಸಂಜೆ ಆರರ ಮೇಲೆ ಬನ್ನಿ ಎಂದೆ. ಅದು ಹಸು ಕರೆದು ಡೇರಿಗೆ ಓಡುವ ಹೊತ್ತೆಂದು ಪಂಚಾಂಗದಲ್ಲಿ ಬರೆದಿರಲಿಲ್ಲ, ನನಗೆ ಹೊಳೆಯಲೂ ಇಲ್ಲ.

"ಇವತ್ತೊಂದಿನ ಅಲ್ಲಾಡ್ದೆ ಕೂತಿರಪ್ಪಾ" ಎಂದು ಮಂಜುವಿಗೆ ಇಸ್ತ್ರಿ ಅಂಗಿ ತೊಡಿಸಿ ಕುರ್ಚಿಯಲ್ಲಿ ಪ್ರತಿಷ್ಠಾಪಿಸಿದೆ. ನಿಘಂಟಿನ ಪ್ರಕಾರ ಅವನು ಆ ಕ್ಷಣ ಪರಿಪೂರ್ಣವಾಗಿ ಸೆಟ್ಲ್ ಆಗಿದ್ದ. ಉಪ್ಪಿಟ್ಟು ಬರುವಷ್ಟರಲ್ಲಿ ಕೊಟ್ಟಿಗೆಯಿಂದ ಕೆಚ್ಚಲು ಬಿಗಿದ ಹಸುಗಳ ಕೂಗು ಶುರುವಾಯಿತು. ಮಂಜು ಏಳಹೋದ, ನಾನು ಭುಜ ಒತ್ತಿದೆ. ಮತ್ತೆ ಎದ್ದ, ಕಣ್ಣು ಬಿಟ್ಟೆ. ಕೊನೆಗೆ, "ತಪ್ಪು ತಿಳ್ಕೋಬೇಡಿ, ಅವು ನೋವು ತಿಂತಾವೆ. ಬಂದ್ಬಿಡ್ತೀನಿ" ಎಂದು ಕೈಮುಗಿದು ಹೊರಟೇಹೋದ.

ಅಕ್ಕ ಕಾಫಿ ತಟ್ಟೆ ಹಿಡಿದು ಹೊರಬಂದು, ಮಂಜುವಿಲ್ಲದ ಕುರ್ಚಿ ನೋಡಿದಳು. ಹೆಣ್ಣಿನ ತಂದೆ, "ಏನ್ ಮೇಷ್ಟ್ರೇ, ಹುಡ್ಗ ಒಂದ್ ಕಡೆ ಕೂರಲ್ವಾ?" ಎಂದರು. ಅಷ್ಟೊಂದು ಶಬ್ದವ್ಯುತ್ಪತ್ತಿ ಬಲ್ಲ ನಾನು ಅವರ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಬಡಿಸಿದೆ. ಕಾವ್ಯ ಮಾತ್ರ ಹಸು ನೋಡುತ್ತೇನೆಂದು ಎದ್ದು ಕೊಟ್ಟಿಗೆಗೆ ನಡೆದಳು. ಬಹಳ ಹೊತ್ತಾದ ಮೇಲೆ, ಒಳ್ಳೆಯ ಸೀರೆಯ ಅಂಚಿಗೆ ಸಗಣಿ ಮೆತ್ತಿಕೊಂಡು ಮರಳಿದಳು.

"ಕೂತಿರೋರ್ನ ಆಫೀಸಲ್ಲಿ ದಿನಾ ನೋಡ್ತೀನಪ್ಪಾ. ಇವ್ರು ಯಾತಕ್ಕೆ ಎದ್ದು ಹೋಗ್ತಾರೆ ಅಂತ ಗೊತ್ತಾಯ್ತು. ನಂಗೆ ಸಾಕು" ಎಂದಳು. ಅಕ್ಕ ಖಾಲಿ ಲೋಟಗಳ ತಟ್ಟೆ ಕೆಳಗಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಮದುವೆಯಾಯಿತು. ಮೊನ್ನೆ ಸಂಜೆ ನಾನು ಸೂಲಿಬೆಲೆಯಲ್ಲಿದ್ದಾಗ ನೆಂಟರೊಬ್ಬರು ಬಂದು, ಕಾಫಿಗೆ ಮೊದಲೇ ಆ ಪ್ರಶ್ನೆ ಎತ್ತಿದರು: ಮಂಜು ಈಗಲಾದರೂ ಸೆಟ್ಲ್ ಆದನೇ? ನಾನು ನಿಘಂಟಿನ ಉಪನ್ಯಾಸಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಅಕ್ಕ ಗೋಡೆಯ ಮೇಲೆ ಸೊಸೆ ನೇತುಹಾಕಿದ್ದ ಗುರುತಿನ ಚೀಟಿಯನ್ನೂ ಕೆಳಗೆ ಬಿಟ್ಟಿದ್ದ ಆಫೀಸಿನ ಚಪ್ಪಲಿಯನ್ನೂ ಒಮ್ಮೆ ನೋಡಿ, ಹೆಮ್ಮೆಯಿಂದ ಹೇಳಿದಳು:

"ಎಲ್ಲಿ ಸೆಟ್ಲ್ ಆಗ್ತಾರೆ? ಇಬ್ರೂ ಡೇರಿಗೆ ಹೋದ್ರು."