ಕಾಡಿಗೆ ಹೊರಟ ಟೈಲರಮ್ಮ

ಕಾಡಿನ ಕಾವಲುಗಾರರ ಸಮವಸ್ತ್ರವನ್ನೆಲ್ಲ ಹೊಲಿದುಕೊಟ್ಟವಳು ಟೈಲರಮ್ಮ. ಕಾಡನ್ನು ಮಾತ್ರ ಅವಳು ಕಂಡಿರಲಿಲ್ಲ. ಅವಳ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಒಂದು ಗೂಡು. ಕಾಲು ಚಾಚಿದರೆ ಬೀದಿಗೇ ಬರುತ್ತಿತ್ತು. ಮುಳ್ಳು ಗೀರಿದ ತೋಳು, ಕೊಂಬೆಗೆ ಸಿಕ್ಕಿ ಕಿತ್ತುಬಂದ ಜೇಬು ಹಿಡಿದು ಬರುವ ಕಾವಲುಗಾರರು ಹೊಲಿಗೆ ಮುಗಿಯುವವರೆಗೆ ಸ್ಟೂಲಿನ ಮೇಲೆ ಕೂತು, ಕಾಡಿನ ನಡುವಿನ ಮುದಿಮರದ ಸುದ್ದಿ ಹೇಳುತ್ತಿದ್ದರು. ಊರು ಹುಟ್ಟುವುದಕ್ಕೂ ಮೊದಲಿನ ಮರವಂತೆ. ಅದರ ಪೊಟರೆಯಲ್ಲಿ ಒಂದು ಸಂಸಾರವೇ ಹೂಡಬಹುದಂತೆ.

"ಒಂದು ದಿನ ಹೋಗಿ ನೋಡ್ಬೇಕು" ಎನ್ನುತ್ತಲೇ ಇದ್ದಳು, ಮೆಷಿನ್ನು ತುಳಿಯುತ್ತಲೇ ಇದ್ದಳು. ಗಂಡ ಹೋದ ಮೇಲೆ ಮಗಳನ್ನು ಓದಿಸಿ ದಡ ಮುಟ್ಟಿಸಿದ್ದು ಆ ಮೆಷಿನ್ನೇ. ಅಷ್ಟರಲ್ಲಿ ಬಲಮಂಡಿ ಮುಷ್ಕರ ಹೂಡಿತು. ಅದರ ಬೆನ್ನಿಗೇ ಸುದ್ದಿ ಬಂತು: ಸಸಿಗಳು ಮೇಲೇಳಲಿ ಎಂದು ಮುದಿಮರದ ದಾರಿಯನ್ನು ಸೋಮವಾರದಿಂದ ಮುಚ್ಚುತ್ತಾರೆ, ಮತ್ತೆ ತೆರೆಯುವುದು ಹತ್ತು ವರ್ಷಕ್ಕೆ.

"ಅಷ್ಟು ಹೊತ್ತಿಗೆ ಈ ಮಂಡಿ ಎಲ್ಲೋ, ನಾನೆಲ್ಲೋ. ಭಾನುವಾರ ಹೋಗೋದೇ."

ಜೊತೆಗೆ ಹೊರಡಬೇಕಾದ ಮಗಳದು ಪುಕ್ಕಲು ಜೀವ. ಅವಳ ಕೂಸಿಗೆ ಆಗಷ್ಟೇ ಜ್ವರ ಬಿಟ್ಟಿತ್ತು. "ಅಮ್ಮ, ಪಾಪು ಕೈ ತಪ್ಪಿ ಕಳೆದುಹೋದ್ರೆ?"

"ಕಳೆದುಹೋಗದ ಹಾಗೆ ಹೊಲೀತೀನಿ ಬಿಡೇ."

ಮೂವರಿಗೂ ದಪ್ಪನೆಯ ಮೇಲಂಗಿ ಹೊಲಿದಳು. ದೂರದಿಂದಲೂ ಕಣ್ಣಿಗೆ ಹೊಡೆಯುವ ಕಡುಗೆಂಪು.

ಕಾಡಿನ ಗೇಟಿನಲ್ಲಿ ನಿಂತಿದ್ದವನು ಅವಳ ಹಳೇ ಗಿರಾಕಿ. ನೋಡಿದವನೇ ಹಣೆ ಚಚ್ಚಿಕೊಂಡ. "ಅಲ್ಲ ಟೈಲರಮ್ಮ, ನಮಗೆಲ್ಲ ಮಾಸಲು ಹಸಿರು ಹೊಲಿದುಕೊಟ್ಟು, ನೀವು ಉರಿಯೋ ಬೆಂಕಿ ಥರ ಬಂದಿದೀರಲ್ಲ! ಹಕ್ಕಿಗಳು ಮರಿ ಮಾಡೋ ಕಾಲ, ಕೆಂಪು ಕಂಡ್ರೆ ಬೆದರ್ತವೆ. ಬಿಚ್ಚಿಟ್ಟು ಹೋಗಿ."

"ಈ ಚಳೀಲಿ ಪಾಪು ಅಂಗಿ ಬಿಚ್ಚೋದಾ?" ಮಗಳು ಕೂಸನ್ನು ಅವುಚಿಕೊಂಡಳು. "ಸಾಧ್ಯವೇ ಇಲ್ಲ. ನಿನ್ನೊಬ್ಬಳನ್ನೇ ಕಳಿಸೋಕೂ ಆಗಲ್ಲ. ನಡಿಯಮ್ಮ ಮನೆಗೆ."

ಟೈಲರಮ್ಮ ತನ್ನ ಮೇಲಂಗಿಯ ಅಂಚು ಮುಟ್ಟಿ ನೋಡಿಕೊಂಡಳು. ದಾರಿಯೇನೋ ಇತ್ತು, ಆದರೆ ಮಾನ ಕಳೆಯುವ ದಾರಿ. ಮೇಲಂಗಿಗಳಿಗೆ ಅವಳು ಹಾಕಿದ್ದ ಲೈನಿಂಗು ಕಾವಲುಗಾರರದೇ ಬಟ್ಟೆ. ಅವರು ತಂದುಕೊಟ್ಟಿದ್ದರಲ್ಲಿ ಉಳಿದ ತುಂಡುಗಳನ್ನು ಸದ್ದಿಲ್ಲದೆ ಎತ್ತಿಟ್ಟುಕೊಂಡಿದ್ದಳು. ಕೇಳಿದವರಿಗೆ "ಎಲ್ಲಿ ಉಳಿಯುತ್ತಪ್ಪ, ಸಾಲಿದ್ದೇ ಹೆಚ್ಚು" ಎಂದು ಮುಖ ಸಪ್ಪಗೆ ಮಾಡುತ್ತಿದ್ದಳು.

ಗೇಟಿನಾಚೆ ದಾರಿ ಮರಗಳ ನಡುವೆ ಹೊಕ್ಕು ಮಾಯವಾಗುತ್ತಿತ್ತು. ಟೈಲರಮ್ಮ ಮೇಲಂಗಿ ಕಳಚಿದಳು. ತೋಳು ಹೊರಳಿಸಿ, ಒಳಗನ್ನು ಹೊರಗೆ ಮಾಡಿ ತೊಟ್ಟುಕೊಂಡಳು.

ಕಾವಲುಗಾರ ಒಮ್ಮೆ ಅವಳ ಬೆನ್ನು ನೋಡಿದ, ಒಮ್ಮೆ ತನ್ನ ಅಂಗಿ ನೋಡಿಕೊಂಡ. "ಇದು ನಮ್ಮ ಬಟ್ಟೆ ಅಲ್ವಾ? ಸಾಲಲಿಲ್ಲ ಅಂತ ನನಗೆ ಒಂದೇ ಜೇಬು ಇಟ್ಟಿರಲ್ರೀ!"

"ಹೂಂ ಕಣಪ್ಪ, ನಿಂದೇ. ನಾಳೆ ಅಂಗಡಿಗೆ ಬಾ, ಎರಡಲ್ಲ ಮೂರು ಜೇಬು ಇಡ್ತೀನಿ. ಬೈಯೋದನ್ನೂ ಅಲ್ಲೇ ಬೈ. ಈಗ ಗೇಟು ತೆಗಿ."

ಒಳಗಿನಿಂದ ಇನ್ನೊಬ್ಬ ಕಾವಲುಗಾರ ಕೂಗಿದ: "ಬಟ್ಟೆ ಸಾಲದು ಅಂತ ಬಿಟ್ಟ ನನ್ನ ಪ್ಯಾಂಟಿನ ಮಡಿಕೆ ಅದರಲ್ಲಿ ಎಲ್ಲಿದೆ ನೋಡೋ!"

ನಗುತ್ತಲೇ ಗೇಟು ತೆರೆಯಿತು. ಮಗಳು ಅವಮಾನಕ್ಕೆ ತಲೆ ತಗ್ಗಿಸಿ, ತನ್ನದನ್ನೂ ಕೂಸಿನದನ್ನೂ ಹೊರಳಿಸಿ ಹಾಕಿದಳು. "ಮಾನ ಹರಾಜಾಯ್ತಮ್ಮ."

"ಆದ್ರೇನು, ಒಳ್ಳೇ ಬೆಲೆಗೇ ಹೋಯ್ತು. ನಡಿ."

ದಾರಿಗಡ್ಡ ಬೇರುಗಳು ಕಾಲು ಚಾಚಿ ಮಲಗಿದ್ದವು. ಮಂಡಿ ಕಿರುಗುಟ್ಟಿದಾಗಲೆಲ್ಲ ಟೈಲರಮ್ಮ ಅದಕ್ಕೊಂದು ಬೈಗುಳ ಹಾಕಿ, ಮಗಳ ಭುಜ ಹಿಡಿದು ದಾಟಿದಳು. ಕೂಸು ಮಾತ್ರ ಅಜ್ಜಿಯ ಬೈಗುಳವನ್ನು ಒಂದೊಂದಾಗಿ ಕಲಿಯುತ್ತ ಬಂತು.

ಕೊನೆಗೆ ಮುದಿಮರ ಎದುರಾಯಿತು. ಕಂಡದ್ದು ಗೋಡೆಯಂಥ ಬುಡವಷ್ಟೇ, ಮೇಲಿನದೆಲ್ಲ ಮಂಜು.

"ನೋಡಾಯ್ತಲ್ಲ, ಹೊರಡೋಣ. ಪಾಪುಗೆ ಥಂಡಿಯಾಗುತ್ತೆ."

"ನಾನಿನ್ನೂ ಬುಡ ಮಾತ್ರ ನೋಡಿದೀನಿ ಕಣೇ. ತಲೆ ನೋಡದೆ ಏಳಲ್ಲ."

ಟೈಲರಮ್ಮ ಕೂಸನ್ನು ಮಡಿಲಿಗೆಳೆದುಕೊಂಡು ಕಲ್ಲಿನ ಮೇಲೆ ಕೂತಳು. ಮಂಡಿ ನೀವಿಕೊಳ್ಳುತ್ತ, ಕತ್ತೆತ್ತಿ, ಮಂಜು ಸರಿಯುವುದನ್ನೇ ಕಾಯತೊಡಗಿದಳು.